ನಡುವಿನ ಚಿತ್ರಗಳು

ಮುಖ್ಯ ಚಿತ್ರ ಬೇರೆ ದೇಶದಿಂದ ಬರುತ್ತಿತ್ತು.
ಕೈ ಕೆಳಗಿರುವುದು ಒಂದು, ಕೈ ಮೇಲೆದ್ದದ್ದು ಒಂದು.
ನಡುವಿನ ಹನ್ನೊಂದು ನಮ್ಮ ಪಾಲು.
ಕೆಸೋನ್ ಸಿಟಿಯ ಮೂರನೇ ಮಹಡಿಯಲ್ಲಿ
ದೀಪದ ಮೇಜಿಗೆ ಹಾಳೆ ಹಾಸಿ,
ಫ್ಯಾನಿನ ಗಾಳಿಗೆ ಹಾರದಂತೆ ರಬ್ಬರು ಹೇರಿ
ಬರೆಯುತ್ತಿದ್ದೆವು. ಹಾಳೆಗಿಷ್ಟು ಎಂದು ಕೂಲಿ.

ಕಳ್ಳರ ಸರದಾರ ನನ್ನ ಮೇಜಿಗೆ ಬಂದ.
ಜೊತೆಗೊಂದು ಚೀಟಿ:
ರೆಪ್ಪೆ ಉದ್ದವಿರಲಿ. ಮಣಿಕಟ್ಟು ಸಡಿಲ.
ಬೆರಳಿಗೆ ಉಂಗುರ, ಕಣ್ಣ ಮೇಲೆ ನೇರಳೆ.
ನಡೆದರೆ ಮಕ್ಕಳು ನಗಬೇಕು.
ರಾಜಕುಮಾರನಿಗೆ ರೆಪ್ಪೆಯೇ ಇರಲಿಲ್ಲ;
ಎರಡು ಚುಕ್ಕಿ, ಒಂದು ಗದ್ದ.

ನಡಿಗೆ ಎಲ್ಲಿಂದ ತರಲಿ?
ಮರಿಕಿನಾದಲ್ಲಿ ನಮ್ಮ ಬಾಡಿಗೆ ಕೋಣೆಯ ಕೆಳಗೆ
ಡೆಲ್ಫಿನ್‌ನ ಪಾರ್ಲರು.
ಬೆಳಗ್ಗೆ ಬಿಸಿ ಪಾಂಡೆಸಾಲ್ ಬನ್ನಿನ ಪೊಟ್ಟಣ
ಎದೆಗವುಚಿ ಬೀದಿ ದಾಟುತ್ತಿದ್ದ.
ಸೊಂಟ ಮೊದಲು ಹೊರಡುವುದು,
ಆಮೇಲೆ ಭುಜ, ಕೊನೆಗೆ, ಮನಸ್ಸು ಬಂದರೆ, ಕಾಲು.
ನೆರೆ ಬಂದ ವರ್ಷ ಅದೇ ನಡಿಗೆಯಲ್ಲಿ
ಎದೆಮಟ್ಟದ ನೀರಿನೊಳಗೆ ನನ್ನಮ್ಮನನ್ನು
ಹೊತ್ತು ತಂದಿದ್ದ.

ಕಿಟಕಿಯಲ್ಲಿ ನಿಂತು ಕದ್ದೆ.
ಮೇಲ್ವಿಚಾರಕ ಹಾಳೆಗಳನ್ನು ಬೆರಳಲ್ಲಿ ಹಾರಿಸಿ ನೋಡಿ
"ಜೀವ ಇದೆ ಕಣಮ್ಮಾ," ಎಂದ, "ಇದರಲ್ಲಿ ಜೀವ ಇದೆ."
ಆ ತಿಂಗಳು ಅಕ್ಕಿ ತಂದು ಮಿಕ್ಕ ಹಣದಲ್ಲಿ
ಅರ್ಮಿಗೆ ಕೆಂಪು ಚಪ್ಪಲಿ ಕೊಂಡೆ.
(ಅರ್ಮಿ ಯಾರು ಎಂದು ಕೇಳಿದವರಿಗೆ
ನಾವು ಹೇಳುತ್ತಿದ್ದುದು: ಕೋಣೆಯ ಜೊತೆಗಾತಿ.
ಬಾಡಿಗೆ ಉಳಿಯುತ್ತದೆ.)

ಶನಿವಾರ ಬೆಳಗ್ಗೆ ಪಾರ್ಲರಿನ ಟೀವಿಯಲ್ಲಿ ಬಂತು.
ಕತ್ತರಿ ಗಾಳಿಯಲ್ಲೇ ನಿಂತಿತು.
ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದ ಹುಡುಗ
ಪರದೆ ನೋಡಿದ, ಡೆಲ್ಫಿನ್‌ನನ್ನು ನೋಡಿದ, ಪರದೆ ನೋಡಿದ,
ನಕ್ಕ.
ಬಾಗಿಲಲ್ಲಿ ಕಾದಿದ್ದ ಇನ್ನಿಬ್ಬರೂ ನಕ್ಕರು.
ಡೆಲ್ಫಿನ್ ಕೂಡ ನಕ್ಕ,
ಎಲ್ಲರಿಗಿಂತ ಒಂದು ಚಿತ್ರದಷ್ಟು ತಡವಾಗಿ.

ಏನೂ ಕೇಳಲಿಲ್ಲ ಅವನು.
ಮರುದಿನ ಬನ್ನು ತರಲು ಹೊರಟಾಗ ಮಾತ್ರ
ಕಾಲು ಮೊದಲು ಹೊರಟಿತು. ಭುಜ ಸಿಪಾಯಿಯದು.
ಒಂದು ಬೀದಿಯಗಲ, ಹದಿನಾಲ್ಕು ಹೆಜ್ಜೆ;
ನಾನು ಕಿಟಕಿ ಹಾಕಿಕೊಂಡೆ.

ಇಪ್ಪತ್ತಾರು ವರ್ಷ. ಹಾಳೆ ಹೋಗಿ ಪರದೆ ಬಂತು,
ರಬ್ಬರು ಹೋಗಿ ಗುಂಡಿ ಬಂತು,
ಕನ್ನಡಕ ಬಂತು. ಅರ್ಮಿ ಹೋಗಲಿಲ್ಲ.
ಈ ಸಲದ ಕಥೆಯಲ್ಲಿ ಇಬ್ಬರು ನೀರುನಾಯಿ ಅಜ್ಜಿಯರು,
ಒಂದೇ ದೋಣಿ, ಒಂದೇ ಒಲೆ.
ಏಳನೇ ಕಂತಿನಲ್ಲಿ ಕೈ ಹಿಡಿಯುತ್ತಾರೆ, ಎರಡು ಸೆಕೆಂಡು.
ಚೀಟಿ ಈಗಲೂ ಬರುತ್ತದೆ, ಮೊದಲಿಗಿಂತ ವಿನಯದಿಂದ:
ದಯವಿಟ್ಟು ಈ ತುಣುಕು ಬಿಡಿಯಾಗಿರಲಿ,
ಕೆಲವು ದೇಶಗಳಿಗೆ ತೆಗೆದು ಕಳಿಸಲು ಅನುಕೂಲ.

ಎರಡು ಸೆಕೆಂಡು ಎಂದರೆ ನಲವತ್ತೆಂಟು.
ಹಿರಿಯಳೆಂದು ಈಗ ದೃಶ್ಯ ಹೂಡುವ ಕೆಲಸ ನನ್ನದು.
ಕಥೆಯಲ್ಲೊಂದು ಬೀಗದ ಕೈ ಇತ್ತು,
ಮೇಜಿನ ಮೇಲೆ ಸುಮ್ಮನೆ ಸಿಗಬೇಕಾದದ್ದು.
ಎತ್ತಿ ಒಬ್ಬಜ್ಜಿಯ ಅಂಗೈಯಲ್ಲಿಟ್ಟೆ.
ಕೈ ಹಿಡಿದರೇ ಬೀಗದ ಕೈ ಆಚೆಯವಳಿಗೆ,
ಅದು ಸಿಕ್ಕರೇ ಕಟ್ಟೆಯ ಬಾಗಿಲು ತೆರೆಯುವುದು,
ತೆರೆದರೇ ಮರಿಗಳು ಮನೆ ಸೇರುವುದು.
ಈಗ ಕತ್ತರಿಸಲಿ, ನೋಡೋಣ.
ಒಪ್ಪಿಗೆ ಇನ್ನೂ ಬಂದಿಲ್ಲ.

ಇನ್ನೊಂದು, ಚೀಟಿಯಲ್ಲಿಲ್ಲದ್ದು.
ಬೇಕರಿಯ ಕೊಕ್ಕರೆಯೊಬ್ಬನಿದ್ದಾನೆ,
ಹಸಿದ ಮರಿಗಳೆಲ್ಲ ಓಡುವುದು ಅವನಲ್ಲಿಗೆ.
ಅವನಿಗೆ ಕೊಟ್ಟೆ: ಸೊಂಟ, ಭುಜ, ಆಮೇಲೆ ಕಾಲು.
ಕೊಕ್ಕರೆಗೆಲ್ಲಿಯ ಸೊಂಟ, ಎಂದ ಹೊಸ ಹುಡುಗ.
ಹುಡುಕು, ಎಂದೆ.

ಡೆಲ್ಫಿನ್‌ಗೆ ಈಗ ಮಂಡಿ ಬಾಗದು,
ಗಿರಾಕಿಯ ಕುರ್ಚಿಯಲ್ಲೇ ದಿನವಿಡೀ.
ಫೋನು ಕೈಗಿಟ್ಟು ತೋರಿಸಿದೆ.
ಒಮ್ಮೆ ನೋಡಿದ. ಮತ್ತೊಮ್ಮೆ.
ಬೆರಳಿಂದ ಹಿಂದಕ್ಕೆಳೆದು ಮೂರನೇ ಸಲ.
ಇಷ್ಟು ವರ್ಷದ ಮಾತು ಈಗ ಬರುತ್ತದೆಂದು
ನೆಲ ನೋಡುತ್ತ ನಿಂತೆ,
ಯಾರದೋ ಕೂದಲು ಗುಡಿಸದೆ ಬಿದ್ದಿದ್ದ ನೆಲ.

"ಸೊಂಟ," ಎಂದ, "ಒಂದು ಚೂರು ತಡವಾಯಿತು."

ಮೇಲೆ ಬಂದೆ. ಅರ್ಮಿ ಅನ್ನಕ್ಕಿಟ್ಟಿದ್ದಳು.
ಆರನೇ ಚಿತ್ರದಿಂದ ಮತ್ತೆ ತಿದ್ದತೊಡಗಿದೆ.